ಪ್ಲಾನಪ್ಪನ ಬಿಯರ್ ಯಾತ್ರೆ

ಯಾವ ಕೆಲಸವನ್ನೂ ಯೋಜನೆ ಇಲ್ಲದೆ ಮಾಡಬಾರದು ಎಂಬುದು ಪ್ಲಾನಪ್ಪನ ಜೀವನತತ್ತ್ವ. ಪ್ಲಾನಪ್ಪ ಹಾಕಿದ ಯಾವ ಯೋಜನೆಯೂ ಕೆಲಸಕ್ಕೆ ಬರುವುದಿಲ್ಲ ಎಂಬುದು ಅವನ ಹೆಂಡತಿಯ ಜೀವನಾನುಭವ. ಆ ತತ್ತ್ವಕ್ಕೂ ಈ ಅನುಭವಕ್ಕೂ ಮದುವೆಯಾದಂದಿನಿಂದ ಜಟಾಪಟಿ ನಡೆದೇ ಇತ್ತು.

ಪ್ಲಾನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲವೆಂದು ಬೇರೆ ಹೇಳಬೇಕಿಲ್ಲ. ಅದನ್ನು ಇಟ್ಟವನು ಭಾವಮೈದುನ. ಹೆಸರು ಎಷ್ಟು ಹೊಂದಿತೆಂದರೆ, ಪೇಟೆಯ ತಿರುವಿನಲ್ಲಿ ಅವನಿಗಿದ್ದ ಕನ್ನಡಕದ ಅಂಗಡಿಯನ್ನು ಜನ ‘ಪ್ಲಾನಪ್ಪನ ಅಂಗಡಿ’ ಎಂದೇ ಕರೆಯತೊಡಗಿದರು. ಊರಿನವರ ಕಣ್ಣಿಗೆಲ್ಲ ದೂರದೃಷ್ಟಿ ಒದಗಿಸುವ ಮನುಷ್ಯ. ಆದರೆ ಕಳೆದ ರಜೆಯಲ್ಲಿ ಮನೆಮಂದಿಯನ್ನೆಲ್ಲ ದೀಪಸ್ತಂಭ ತೋರಿಸಲು ಕರೆದುಕೊಂಡು ಹೋದಾಗ ಅದಕ್ಕೆ ಬಣ್ಣ ಬಳಿಯುತ್ತಿದ್ದಾರೆ ಎಂಬುದು ಮಾತ್ರ ಅವನಿಗೆ ಮುಂಚಿತವಾಗಿ ಕಾಣಲಿಲ್ಲ. ಹತ್ತಲು ಬಿಡಲಿಲ್ಲ. ಸುಸ್ತಾದ ಅತ್ತೆಯವರು ಗೋಡೆಗೆ ಒರಗಿ ಕುಳಿತರು. ಎದ್ದಾಗ ಬೆನ್ನ ತುಂಬ ಕೆಂಪು-ಬಿಳಿ ಪಟ್ಟೆ! ಬಸ್ಸಿನಲ್ಲಿ ವಾಪಸು ಬರುವಾಗ ಒಂದು ಮಗು ಅವರನ್ನೇ ತೋರಿಸಿ, “ಅಮ್ಮಾ, ದೀಪಸ್ತಂಭ!” ಎಂದು ಚಪ್ಪಾಳೆ ತಟ್ಟಿತು.

ಅವತ್ತು ಹೆಂಡತಿ ತೀರ್ಪು ಕೊಟ್ಟಿದ್ದಳು. “ಇನ್ಮೇಲೆ ಈ ಮನೇಲಿ ಪ್ರವಾಸದ ಖಾತೆ ನಂದು. ನೀವು ಬರೀ ಚೀಲ ಹೊತ್ಕೊಂಡು ಹಿಂದೆ ಬನ್ನಿ.”

“ಇನ್ನೊಂದೇ ಒಂದು ಅವಕಾಶ ಕೊಡೇ,” ಎಂದು ಪ್ಲಾನಪ್ಪ ಅಂಗಲಾಚಿದ. “ಈ ಸಲ ಕೆಟ್ಟರೆ ಖಾತೆ ಏನು, ಕುರ್ಚಿನೇ ಬಿಟ್ಟುಕೊಡ್ತೀನಿ.”

ಹೆಂಡತಿ ಪಶುವೈದ್ಯೆ. ದಿನವಿಡೀ ಬಾಯಿ ಬಿಡದ ರೋಗಿಗಳ ಮುಖ ನೋಡಿ ನೋಡಿ, ಮನೆಗೆ ಬಂದ ಮೇಲೆ ಉಳಿದಿದ್ದ ಮಾತನ್ನೆಲ್ಲ ಗಂಡನ ಮೇಲೆ ಖಾಲಿ ಮಾಡುತ್ತಿದ್ದಳು. ಅವಳು ಅವನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ (ಚುಚ್ಚುಮದ್ದು ಎಲ್ಲಿಗೆ ಕೊಡಬೇಕೆಂದು ಲೆಕ್ಕ ಹಾಕುವಾಗ ನೋಡುವ ಹಾಗೆ) “ಆಯ್ತು, ಕೊನೇ ಸಲ,” ಎಂದಳು.

ಆ ಕೊನೆಯ ಅವಕಾಶ ಪ್ಲಾನಪ್ಪನಿಗೆ ಅಂಗಡಿಯ ಬಾಗಿಲಿಗೇ ನಡೆದುಕೊಂಡು ಬಂತು. ಕಡಲತೀರದ ನಗರದಿಂದ ಬಂದ ಒಬ್ಬ ಗಿರಾಕಿ. ಎತ್ತರದ ಆಳು, ಮೈಯಿಂದ ಬೇಯಿಸಿದ ಧಾನ್ಯದ ವಾಸನೆ. ಕೆಲಸ ಮಾಡುವಾಗ ಕನ್ನಡಕಕ್ಕೆ ಹಬೆ ಹತ್ತಿ ಏನೂ ಕಾಣುವುದಿಲ್ಲ, ಏನಾದರೂ ಮಾಡಿ ಎಂದ.

“ಏನು ಕೆಲಸ ನಿಮ್ಮದು?” ಎಂದು ಪ್ಲಾನಪ್ಪ ಕೇಳಿದ.

“ಬಿಯರ್ ಮಾಡ್ತೀನಿ ಸಾರ್. ದೊಡ್ಡ ಕಾರ್ಖಾನೆದಲ್ಲ, ಕ್ರಾಫ್ಟ್ ಬಿಯರ್. ಬಂದರಿನ ಹತ್ರ ಸಣ್ಣ ಬ್ರೂವರಿ. ನಮ್ಮೂರಲ್ಲಿ ಈಗ ಅಂಥವು ಬೇಕಾದಷ್ಟಾಗಿವೆ. ಒಂದೊಂದರ ರುಚಿ ಒಂದೊಂದು ಥರ. ರುಚಿ ನೋಡೋಕೇ ಅಂತ ದೂರದೂರದಿಂದ ಜನ ಬರ್ತಾರೆ. ಒಂದ್ಸಲ ಬನ್ನಿ ಸಾರ್.”

ಚೌಕಟ್ಟಿನ ತಿರುಪು ಬಿಗಿ ಮಾಡುತ್ತಿದ್ದ ಪ್ಲಾನಪ್ಪನ ಕೈ ಅಲ್ಲೇ ನಿಂತಿತು. ಕಡಲು! ಗಾಳಿ! ಬ್ರೂವರಿಯಿಂದ ಬ್ರೂವರಿಗೆ ಪಯಣ! ಕೈಯಲ್ಲಿ ನೊರೆ ತುಂಬಿದ ಪುಟ್ಟ ಗ್ಲಾಸು, ಸುತ್ತ ಬಾಯಿ ಬಿಟ್ಟುಕೊಂಡು ಕೇಳುವ ಜನ, ನಡುವೆ ನಿಂತು ವಿವರಿಸುವ ತಾನು! ಇದರಲ್ಲಿ ಒಂದೇ ಒಂದು ಸಣ್ಣ ತೊಡಕಿತ್ತು. ಪ್ಲಾನಪ್ಪ ಹುಟ್ಟಿದಾರಭ್ಯ ಬಿಯರಿನ ಹನಿಯನ್ನೂ ನಾಲಿಗೆಗೆ ತಾಗಿಸಿದವನಲ್ಲ. ಆದರೆ ಅದೇನು ಮಹಾ? ಓದಿದರೆ ಬರದ ವಿದ್ಯೆ ಯಾವುದಿದೆ?

ಓದಿದ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಓದಿದ, ಗಿರಾಕಿ ಅಕ್ಷರಗಳ ಬೋರ್ಡು ನೋಡಿ ತಡವರಿಸುತ್ತಿದ್ದಾಗಲೂ ಓದಿದ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಅಂದರೆ ಕಹಿ ಕೊಡುವ ಹೂವು ಎಂದೆಲ್ಲ ಬಾಯಿಪಾಠ ಮಾಡಿದ. ಓದಿದ್ದನ್ನು ಅಭ್ಯಾಸಕ್ಕೆ ಇಳಿಸಬೇಕಲ್ಲ? ಅಡುಗೆಮನೆಯ ಕಟ್ಟೆಯ ಮೇಲೆ ಮೂರು ಗ್ಲಾಸು ಸಾಲಾಗಿ ಇಟ್ಟ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಕಾಯಿಸಿದ ನೀರು, ಮತ್ತೊಂದರಲ್ಲಿ ಫ್ರಿಜ್ಜಿನ ನೀರು. ಒಂದೊಂದನ್ನೂ ಬೆಳಕಿಗೆ ಹಿಡಿದು, ಗಿರ್ರನೆ ತಿರುಗಿಸಿ, ಮೂಗನ್ನು ಗ್ಲಾಸಿನೊಳಗೆ ಇಳಿಸಿ, ಗುಟುಕು ಹೀರಿ, ಕಣ್ಣು ಮುಚ್ಚಿ ಬಾಯೊಳಗೆ ಹೊರಳಿಸುತ್ತಿದ್ದಾಗ ಹೆಂಡತಿ ಕೆಲಸದಿಂದ ಬಂದಳು.

“ಏನ್ರೀ ಇದು?”

ಪ್ಲಾನಪ್ಪ ನುಂಗಿ, “ಮೊದಲು ನೋಡ್ಬೇಕು, ಆಮೇಲೆ ಮೂಸ್ಬೇಕು, ಆಮೇಲೆ ನಾಲಿಗೆ ಮೇಲೆ ಹೊರಳಿಸ್ಬೇಕು. ಅಭ್ಯಾಸ ಕಣೇ,” ಎಂದ.

“ನಮ್ಮ ಆಸ್ಪತ್ರೆಗೆ ಬರೋ ಎಮ್ಮೆನೂ ಒಂದೊಂದ್ಸಲ ಹೀಗೇ ಮಾಡುತ್ತೆ. ಅದಕ್ಕೆ ಜಂತುಹುಳದ ಔಷಧಿ ಕೊಡ್ತೀನಿ. ನಿಮಗೂ ತಂದಿಡ್ಲಾ?”

ಪ್ಲಾನಪ್ಪ ಬಿಯರ್ ಯಾತ್ರೆಯ ವಿಷಯ ಬಾಯಿಬಿಡಲೇಬೇಕಾಯಿತು. ಅಲ್ಲಿಗೆ ಗುಟ್ಟು ರಟ್ಟಾಯಿತು. ಪ್ಲಾನಪ್ಪನ ಮೂಲ ಯೋಜನೆಯಲ್ಲಿ ಇದ್ದವರು ಇಬ್ಬರೇ: ಅವನು ಮತ್ತು ಭಾವಮೈದುನ. ಈಗ ಹೆಂಡತಿ ಸೊಂಟಕ್ಕೆ ಕೈಯಿಟ್ಟು, “ನಾನೂ ಬರ್ತೀನಿ,” ಎಂದಳು.

“ಅದು ರುಚಿ ನೋಡೋ ಪ್ರವಾಸ ಕಣೇ. ಅದಕ್ಕೆ ಸೂಕ್ಷ್ಮವಾದ ನಾಲಿಗೆ ಬೇಕಾಗುತ್ತೆ.”

“ಯಾಕೆ, ನನಗೆ ನಾಲಿಗೆ ಇಲ್ವಾ?”

ಇದೆ, ಇಡೀ ಬೀದಿಗೇ ಗೊತ್ತು ಎಂದು ಪ್ಲಾನಪ್ಪ ಅಂದುಕೊಂಡ. (ಅಂದುಕೊಂಡ, ಅಷ್ಟೇ. ಸಂಸಾರ ನಡೆಯುವುದೇ ಈ ವ್ಯತ್ಯಾಸದ ಮೇಲೆ.)

ಪಕ್ಕದ ಕೋಣೆಯಿಂದ, “ಎಷ್ಟು ಗಂಟೆಗೆ ಹೊರಡೋದು ಅಳಿಯಂದ್ರೆ?” ಎಂಬ ದನಿ ಬಂತು. ಅತ್ತೆಯವರು! ಅವರು ನಿವೃತ್ತಿಯಾಗುವವರೆಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಎರಡು ಗೋಡೆಯಾಚೆ ಪಿಸುಗುಟ್ಟಿದರೂ ಅವರ ಕಿವಿಗೆ ಸ್ಪಷ್ಟ. ಅವರು ಪಿಸುಗುಟ್ಟಿದರೆ ಎರಡು ಬೀದಿಯಾಚೆಗೂ ಸ್ಪಷ್ಟ.

ರಾತ್ರಿ ಊಟದ ಮೇಜಿನ ಸುತ್ತ ಪ್ಲಾನಪ್ಪನ ಮೊದಲ ಉಪನ್ಯಾಸ ನಡೆಯಿತು. ಭಾವಮೈದುನನೂ ಬಂದಿದ್ದ. ಅವನು ಹಾಸಿಗೆ ಅಂಗಡಿಯಲ್ಲಿ ಮಾರಾಟಗಾರ. ಮಲಗಿ ತೋರಿಸದಿದ್ದರೆ ಗಿರಾಕಿಗೆ ನಂಬಿಕೆ ಬರುವುದಿಲ್ಲವೆಂದು ಹೇಳಿ ದಿನದ ಬಹುಪಾಲು ಕೆಲಸವನ್ನು ಮಲಗಿಕೊಂಡೇ ಮಾಡುತ್ತಿದ್ದ.

“ಬಿಯರ್‌ನಲ್ಲಿ ಮುಖ್ಯವಾಗಿ ಎರಡು ಕುಲ,” ಎಂದು ಪ್ಲಾನಪ್ಪ ಗಂಟಲು ಸರಿಮಾಡಿಕೊಂಡ. “ಲಾಗರ್ ಮತ್ತು ಏಲ್.”

“ಲಾಗರ್ ಕುಡಿದ್ರೆ ಲಾಗ ಹಾಕ್ತಾರಾ ಭಾವ?” ಎಂದ ಭಾವಮೈದುನ.

“ಏಲ್ ಕುಡಿದ ಮೇಲೆ ನೀನಂತೂ ಏಳಲ್ಲ,” ಎಂದಳು ಅವನ ಅಕ್ಕ.

ಪ್ಲಾನಪ್ಪ ಕೇಳಿಸದವನಂತೆ ಮುಂದುವರಿದ. “ಏಲ್ ಕುಲದಲ್ಲೇ ಕಪ್ಪಗಿನದು ಸ್ಟೌಟ್...”

“ಸೌಟು ನಾನು ತರ್ತೀನಿ ಬಿಡಿ,” ಎಂದರು ಅತ್ತೆ. “ಅಲ್ಲಿ ಬಡಿಸೋರು ಇರಲ್ವಾ?”

“ಅತ್ತೆ, ಸೌಟಲ್ಲ, ಸ್ಟೌಟ್. ಅದರ ಅಣ್ಣತಮ್ಮ ಇದ್ದ ಹಾಗೆ ಪೋರ್ಟರ್ ಅಂತ ಇನ್ನೊಂದು.”

“ಪೋರ್ಟರ್ ಬೇಡ. ಇರೋದೇ ಎರಡು ಚೀಲ, ನಾವೇ ಹೊತ್ಕೊಂಡ್ರಾಯ್ತು.”

ಪ್ಲಾನಪ್ಪ ತಲೆ ಮೇಲೆ ಕೈಹೊತ್ತು ಕುಳಿತ. ಆದರೂ ಉತ್ಸಾಹ ಬತ್ತಲಿಲ್ಲ. ಅತ್ತೆಯವರನ್ನು ಕಡಲು ನೋಡಲು ಬೆಂಚಿನ ಮೇಲೆ ಕೂರಿಸಿಬಿಟ್ಟರಾಯಿತು ಎಂದು ಮನಸ್ಸಿನಲ್ಲೇ ಯೋಜನೆ ತಿದ್ದಿಕೊಂಡ. ಮರುದಿನವೇ ವ್ಯಾನೊಂದನ್ನು ಗೊತ್ತು ಮಾಡಿದ. ಅದರ ಚಾಲಕ ಹನಿ ಮುಟ್ಟದ ಸಾಧು ಮನುಷ್ಯ. ಬಾಯಿ ಬಿಡುವುದೂ ಅಷ್ಟಕ್ಕಷ್ಟೇ. ಅವನ ಹೆಂಡತಿ ತುಂಬುಗರ್ಭಿಣಿ, ಹೆರಿಗೆಗೆಂದು ಅದೇ ಕಡಲತೀರದ ನಗರದಲ್ಲಿದ್ದ ತವರಿಗೆ ಹೋಗಿದ್ದಳು. ಹಾಗಾಗಿ ಬಾಡಿಗೆ ಮಾತಾಡಿದಾಗ ಖುಷಿಯಿಂದ ಒಪ್ಪಿದ. “ಅವಳ್ನೂ ನೋಡ್ಕೊಂಡು ಬಂದ ಹಾಗಾಯ್ತು ಸಾರ್,” ಎಂದದ್ದೇ ಅವನು ಆ ತಿಂಗಳಲ್ಲಿ ಆಡಿದ ಅತಿ ಉದ್ದದ ಮಾತು.

ಹೊರಡುವ ಬೆಳಿಗ್ಗೆ ವ್ಯಾನಿನ ಬಾಗಿಲಲ್ಲಿ ನಿಂತು ಪ್ಲಾನಪ್ಪ ಕಟ್ಟಪ್ಪಣೆ ಹೊರಡಿಸಿದ. “ಎಲ್ಲರೂ ಕೇಳಿಸ್ಕೊಳ್ಳಿ. ಈ ಯಾತ್ರೆಗೆ ಒಂದೇ ನಿಯಮ. ಬಿಯರ್ ತುಟಿಗೆ ತಾಗಿಸಿದವರು ಯಾರೇ ಆಗ್ಲಿ, ಇವತ್ತು ಸ್ಟೀರಿಂಗ್ ಮುಟ್ಟೋ ಹಾಗಿಲ್ಲ. ಅದರಲ್ಲಿ ದಾಕ್ಷಿಣ್ಯ ಇಲ್ಲ.”

“ಸ್ಟೀರಿಂಗ್ ಮುಟ್ಟೋಕೆ ಡ್ರೈವರ್ ಇದ್ದಾರಲ್ಲ. ಇದೆಂಥ ನಿಯಮ, ಮೀನಿಗೆ ಮರ ಹತ್ಬೇಡ ಅಂದ ಹಾಗೆ,” ಎಂದು ಹೆಂಡತಿ ನಕ್ಕಳು.

ಊರಿನ ರಸ್ತೆಗಳು ಹಿಂದೆ ಸರಿದು, ಗಾಳಿಗೆ ಉಪ್ಪಿನ ವಾಸನೆ ಬಂತು. ಇಳಿಜಾರಿನ ತಿರುವಿನಲ್ಲಿ ಕಡಲು ಒಮ್ಮೆಲೇ ಎದುರು ನಿಂತಾಗ ಎಲ್ಲರೂ ಮಕ್ಕಳಂತೆ ‘ಹೋ’ ಎಂದರು. ಮೊದಲ ಬ್ರೂವರಿ ಬಂದರಿನ ಪಕ್ಕದ ಹಳೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿತ್ತು. ದಪ್ಪ ಗೋಡೆ, ಸೂರಿನಲ್ಲಿ ಇನ್ನೂ ನೇತಾಡುವ ಕಬ್ಬಿಣದ ಕೊಕ್ಕೆ, ತೊಳೆದ ನೆಲ. ಸಾಲಾಗಿ ನಿಂತ ಉಕ್ಕಿನ ದೊಡ್ಡ ಕೊಳಗಗಳಲ್ಲಿ ಒಬ್ಬೊಬ್ಬರ ಮುಖವೂ ಹಲಸಿನ ಹಣ್ಣಿನಷ್ಟು ಅಗಲವಾಗಿ ಕಾಣುತ್ತಿತ್ತು. ಹೊಸ ಕನ್ನಡಕ ಹಾಕಿಕೊಂಡ ಬ್ರೂವರ್ ಓಡಿ ಬಂದು ಕೈಕುಲುಕಿದ. ಮರದ ಹಲಗೆಯ ಮೇಲೆ ಪುಟ್ಟ ಪುಟ್ಟ ಗ್ಲಾಸುಗಳು ಬಂದವು. ತಿಳಿ ಬಂಗಾರದ ಬಣ್ಣದಿಂದ ಹಿಡಿದು ಕಡುಗಪ್ಪಿನವರೆಗೆ.

ಅತ್ತೆಯವರನ್ನು ಕೂರಿಸಲು ಪ್ಲಾನಪ್ಪ ಕಡಲ ಕಡೆಯ ಬೆಂಚು ತೋರಿಸಿದ. ಅವರು, “ಕಡಲು ಎಲ್ಲಿಗೂ ಓಡಿ ಹೋಗಲ್ಲ,” ಎಂದು ಗ್ಲಾಸುಗಳ ಎದುರಿನ ಕುರ್ಚಿಯನ್ನೇ ಎಳೆದುಕೊಂಡರು.

ಪ್ಲಾನಪ್ಪ ಎದ್ದು ನಿಂತ. ಜೀವನವೆಲ್ಲ ಈ ಗಳಿಗೆಗಾಗಿಯೇ ಕಾದವನಂತೆ ಮೊದಲ ಗ್ಲಾಸನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ.

“ಬಂಧುಗಳೇ! ಅವಸರ ಬೇಡ. ಬಿಯರ್ ಅನ್ನೋದು ಬರೀ ಗಂಟಲಿಗೆ ಸುರ್ಕೊಳ್ಳೋ ಪದಾರ್ಥ ಅಲ್ಲ. ಮೊದಲು ಅದರ ವರ್ಣ. ವರ್ಣ ಅಂದ್ರೆ...”

ವರ್ಣದಿಂದ ನೊರೆಗೆ ಬಂದ. ನೊರೆಯಿಂದ ಬಾರ್ಲಿಯ ಚರಿತ್ರೆಗೆ ಹೋದ. ಬಾರ್ಲಿಯಿಂದ ಹೂವಿಗೆ, ಹೂವಿನಿಂದ ನೀರಿನ ಗುಣಕ್ಕೆ. ಬ್ರೂವರ್ ಮೊದಮೊದಲು ತಲೆಯಾಡಿಸಿದ, ಆಮೇಲೆ ಆಕಳಿಸಿದ, ಕೊನೆಗೆ ಕೊಳಗದಲ್ಲಿ ಏನೋ ನೋಡುವುದಿದೆಯೆಂದು ಮೆಲ್ಲಗೆ ಜಾರಿಕೊಂಡ. ಪ್ಲಾನಪ್ಪ, “ಈಗ, ಈಗ ಮಾತ್ರ, ನಾವು ಮೊದಲ ಗುಟುಕಿಗೆ ಅರ್ಹರು,” ಎಂದು ಗ್ಲಾಸನ್ನು ತುಟಿಯ ಬಳಿ ತಂದು ಕಣ್ಣಿಳಿಸಿ ನೋಡುತ್ತಾನೆ, ಹಲಗೆಯ ಮೇಲಿನ ಗ್ಲಾಸುಗಳೆಲ್ಲ ಖಾಲಿ! ಹೆಂಡತಿಯ ಮೇಲ್ದುಟಿಗೆ ನೊರೆಯ ಗೆರೆ. ಅತ್ತೆ ಕಪ್ಪು ಗ್ಲಾಸಿನ ತಳ ನೋಡುತ್ತಿದ್ದಾರೆ. ಭಾವಮೈದುನ ಎರಡನೇ ಹಲಗೆಗೆ ಹೇಳಿಯಾಗಿದೆ.

“ನೀವು ಮಾತಾಡ್ತಾನೇ ಇದ್ರಿ,” ಎಂದಳು ಹೆಂಡತಿ. “ಬಿಸಿಯಾಗ್ಬಾರ್ದು ಅಂತ ನೀವೇ ಹೇಳಿದ್ರಲ್ಲ?”

ಅಷ್ಟರಲ್ಲಿ ಚಾಲಕ ಬಾಗಿಲಿನಿಂದ ಬಿರುಗಾಳಿಯಂತೆ ನುಗ್ಗಿದ. ಕೈಯಲ್ಲಿ ಫೋನು, ಮುಖ ಬೆವತಿತ್ತು.

“ಸಾರ್! ನೋವು ಶುರುವಾಗಿದೆಯಂತೆ! ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರಂತೆ! ಇನ್ನೂ ದಿನ ಇತ್ತು ಸಾರ್!”

ಎಲ್ಲರೂ ದಡಬಡ ಎದ್ದರು. “ಹೋಗಪ್ಪಾ, ನಿಂತ್ಕೊಂಡಿದ್ದೀಯಲ್ಲ!” ಎಂದರು ಅತ್ತೆ. ಕೂಡಲೇ ಬ್ರೂವರ್‌ನನ್ನು ಕರೆದು, ಅವನ ಮೋಟಾರ್‌ಸೈಕಲ್ಲಿಗೂ ಚಾಲಕನಿಗೂ ಸಂಪರ್ಕ ಕಲ್ಪಿಸಿದರು (ಹಳೆಯ ಕಸುಬು). ಚಾಲಕ ವ್ಯಾನಿನ ಕೀಲಿಯನ್ನು ಮೇಜಿನ ಮೇಲಿಟ್ಟು, “ಸಂಜೆ ಆಸ್ಪತ್ರೆ ಹತ್ರ ಬನ್ನಿ ಸಾರ್,” ಎಂದು ಓಡಿದ. ಮೋಟಾರ್‌ಸೈಕಲ್ಲಿನ ಸದ್ದು ಬಂದರಿನ ರಸ್ತೆಯಲ್ಲಿ ಕರಗಿತು.

ಎಲ್ಲರ ಕಣ್ಣು ಕೀಲಿಯ ಮೇಲೆ ನಿಂತಿತು.

“ಈಗ ಗಾಡಿ ಯಾರು ಓಡಿಸೋದು?” ಎಂದ ಭಾವಮೈದುನ.

“ನೀನು ಕುಡ್ದಿದ್ದೀಯ,” ಎಂದಳು ಅಕ್ಕ.

“ನೀನೂ ಕುಡ್ದಿದ್ದೀಯ.”

“ನಾನಂತೂ ಕುಡ್ದಿದ್ದೀನಿ,” ಎಂದರು ಅತ್ತೆ, “ಗಾಡಿನೂ ಬರಲ್ಲ.”

ಮೂರು ತಲೆಗಳು ಒಟ್ಟಿಗೆ ಪ್ಲಾನಪ್ಪನ ಕಡೆ ತಿರುಗಿದವು. ಅವನ ಕೈಯಲ್ಲಿ ಬಂಗಾರದ ಬಣ್ಣದ ಗ್ಲಾಸು ತುಂಬಿದಂತೆಯೇ ಇತ್ತು. ತುಟಿಗೂ ಗ್ಲಾಸಿಗೂ ನಡುವೆ ಒಂದು ಬೆರಳಿನ ಅಂತರ.

“ಒಂದೇ ಒಂದು ಗುಟುಕು,” ಎಂದ ಅವನು ಕ್ಷೀಣವಾಗಿ.

“ತುಟಿಗೆ ತಾಗಿಸಿದವರು ಸ್ಟೀರಿಂಗ್ ಮುಟ್ಟೋ ಹಾಗಿಲ್ಲ ಅಂದೋರು ಯಾರು?” ಹೆಂಡತಿ ಕೇಳಿದಳು.

“ಬೇರೆ ಡ್ರೈವರ್ ಯಾರಾದ್ರೂ...”

“ಗುರುತು ಪರಿಚಯ ಇಲ್ಲದವನ ಗಾಡೀಲಿ ನಾನು ಕೂರಲ್ಲ,” ಎಂದರು ಅತ್ತೆ. “ಅದಿರ್ಲಿ, ಅದನ್ನ ಇತ್ಲಾಗೆ ಕೊಡಿ ಅಳಿಯಂದ್ರೆ. ಸುಮ್ನೆ ಹಾಳಾಗುತ್ತೆ.” ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಗ್ಲಾಸು ತೆಗೆದುಕೊಂಡು, ಬೆಳಕಿಗೆ ಹಿಡಿದು, ಮೂಸಿ, ನಿಧಾನವಾಗಿ ಹೀರಿದರು. “ಹೂಂ. ನೀವು ಹೇಳಿದ್ದು ಸರಿ. ನೋಡಿ ಮೂಸಿ ಕುಡಿದ್ರೆ ರುಚಿ ಜಾಸ್ತಿ.”

ಪ್ಲಾನಪ್ಪನಿಗೆ ಗಾಡಿ ಓಡಿಸಲು ಪರವಾನಗಿ ಇತ್ತು. ಧೈರ್ಯ ಇರಲಿಲ್ಲ. ಸ್ಟೀರಿಂಗನ್ನು ಅವನು ಹಿಡಿಯುತ್ತಿದ್ದುದು ಮುಳುಗುವವನು ಹಲಗೆ ಹಿಡಿದಂತೆ. ಬಂದರಿನ ರಸ್ತೆಯಲ್ಲಿ ಸೈಕಲ್ಲುಗಳು ಅವರನ್ನು ದಾಟಿ ಹೋದವು. ಕೋಲು ಊರಿಕೊಂಡು ನಡೆಯುತ್ತಿದ್ದ ಹಿರಿಯರೊಬ್ಬರು ದಾಟಿ ಹೋಗಿ, ತಿರುಗಿ ನೋಡಿ, “ಗಾಡಿ ಕೆಟ್ಟಿದೆಯೇನಪ್ಪ, ತಳ್ಳಬೇಕಾ?” ಎಂದು ವಿಚಾರಿಸಿದರು. ಹಿಂದಿನ ಸೀಟಿನಲ್ಲಿ ನಗು ತಡೆಯಲಾರದೆ ಹೆಂಡತಿ ತಮ್ಮನ ಹೆಗಲ ಮೇಲೆ ತಲೆಯಿಟ್ಟಳು.

ಎರಡನೆಯ ಬ್ರೂವರಿ ಹಿಂದೆ ದೋಣಿ ಕಟ್ಟುತ್ತಿದ್ದ ಜಾಗದಲ್ಲಿತ್ತು. ಅಲ್ಲಿಗೆ ಹೋಗುವ ಓಣಿ ವ್ಯಾನಿಗಿಂತ ಒಂದು ಅಂಗೈಯಷ್ಟೇ ಹೆಚ್ಚು ಅಗಲ. ಪ್ಲಾನಪ್ಪ ವ್ಯಾನನ್ನು ಒಳಗೆ ತರುವಷ್ಟರಲ್ಲಿ ಓಣಿಯ ಜನವೆಲ್ಲ ಹೊರಬಂದು “ಎಡಕ್ಕೆ”, “ಬಲಕ್ಕೆ” ಎಂದು ಕೂಗಿ, ಕೊನೆಗೆ ಅವನು ನಿಲ್ಲಿಸಿದಾಗ ಚಪ್ಪಾಳೆ ತಟ್ಟಿದರು. ಅತ್ತೆಯವರು ಅಷ್ಟೂ ಜನಕ್ಕೆ ಕೈಬೀಸಿ, ಒಳಗೆ ಬನ್ನಿರೆಂದು ಕರೆದೇಬಿಟ್ಟರು. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಒಂದು ಮೇಜಿನಲ್ಲಿ ಕುಳಿತಿದ್ದ ಹಡಗಿನ ಕಪ್ತಾನನನ್ನು ಇನ್ನೊಂದು ಮೇಜಿನ ಹೊಸ ಜೋಡಿಗೂ, ಆ ಜೋಡಿಯನ್ನು ಬಂದರಿನ ಹಮಾಲಿಗಳ ಗುಂಪಿಗೂ ಪರಿಚಯಿಸಿ, ಎಲ್ಲ ಮೇಜುಗಳನ್ನೂ ಒಟ್ಟಿಗೆ ಎಳೆಸಿ ಒಂದೇ ಲೈನಿಗೆ ತಂದರು. ಯಾರೋ ಹಾಡತೊಡಗಿದರು. ಹಮಾಲಿಗಳು ಮೇಜು ಕುಟ್ಟಿ ತಾಳ ಹಾಕಿದರು. ಭಾವಮೈದುನ ಬಾರ್ಲಿ ಮೂಟೆಗಳ ಮೇಲೆ ಮೈಚಾಚಿ, “ಭಾವ, ಈ ಮೂಟೆ ಸೊಂಟಕ್ಕೆ ಎಷ್ಟು ಚೆನ್ನಾಗಿ ಒತ್ತು ಕೊಡುತ್ತೆ ಗೊತ್ತಾ?” ಎಂದವನು ಉತ್ತರಕ್ಕೂ ಕಾಯದೆ ಗೊರಕೆ ಹೊಡೆದ.

ಪ್ಲಾನಪ್ಪನ ಮುಂದೆ ನಿಂಬೆಹಣ್ಣಿನ ಪಾನಕ. ಅದನ್ನೇ ಬೆಳಕಿಗೆ ಹಿಡಿದು ನೋಡುತ್ತಾ ಕುಳಿತಿದ್ದ. ಆ ಬ್ರೂವರಿಯ ಯಜಮಾನಿ ಕಂಡು ಕನಿಕರಪಟ್ಟು, ಕಪ್ಪನೆಯ ಸ್ಟೌಟಿನ ಗ್ಲಾಸನ್ನು ಅವನ ಮೂಗಿನ ಕೆಳಗೆ ಹಿಡಿದಳು.

“ಮೂಸೋಕೆ ಅಡ್ಡಿ ಇಲ್ವಲ್ಲ ಸಾರ್?”

ಪ್ಲಾನಪ್ಪ ಕಣ್ಣು ಮುಚ್ಚಿ ಮೂಸಿದ. “ಸುಟ್ಟ ಬ್ರೆಡ್ಡಿನ ಅಂಚು. ಹಿಂದೆ ಕಾಫಿಬೀಜ. ಅದರ ಹಿಂದೆ ಸ್ವಲ್ಪ... ಹಳೇ ಮರದ ಪೆಟ್ಟಿಗೆ.”

“ಅಬ್ಬಾ! ಮರದ ಪೀಪಾಯೀಲಿ ಇಟ್ಟಿದ್ದು ಸಾರ್ ಅದು! ಮೂಗು ಅಂದ್ರೆ ಇದು ನೋಡಿ!” ಎಂದು ಅವಳು ಇಡೀ ಮೇಜಿಗೆ ಕೇಳುವಂತೆ ಕೂಗಿದಳು. ಕಪ್ತಾನ ಎದ್ದು ಸಲಾಮು ಹೊಡೆದ. ಹೆಂಡತಿ ಗಂಡನನ್ನು ಆ ದಿನ ಮೊದಲ ಬಾರಿಗೆ ಹೆಮ್ಮೆಯಿಂದ ನೋಡಿದಳು. ಪ್ಲಾನಪ್ಪನ ಎದೆ ಮೂರು ಇಂಚು ಮುಂದೆ ಬಂತು. ಕುಡಿಯದಿದ್ದರೇನಂತೆ, ಪಂಡಿತ ಪಂಡಿತನೇ!

ಮೂರನೆಯದು ಗುಡ್ಡದ ಮೇಲಿನ ಮಾಳಿಗೆ. ಕೆಳಗೆ ಕಡಲು ಬೆಳ್ಳಿಯ ತಗಡಿನಂತೆ ಹೊಳೆಯುತ್ತಿತ್ತು. ಇಷ್ಟರಲ್ಲಿ ಅವರ ಜೊತೆಗೆ ಕಪ್ತಾನ ಮತ್ತು ಹೊಸ ಜೋಡಿಯೂ ವ್ಯಾನಿಗೆ ಹತ್ತಿದ್ದರು. ಅತ್ತೆ, “ಜಾಗ ಇದೆ, ಬನ್ನಿ, ನಮ್ಮ ಅಳಿಯಂದಿರು ಬಿಟ್ಟು ಬರ್ತಾರೆ,” ಎಂದಿದ್ದರು. ಗಾಳಿಗೆ ಹೆಂಡತಿಯ ಕೂದಲು ಹಾರುತ್ತಿತ್ತು. ಅವಳು ಅವನ ತೋಳು ಹಿಡಿದು, “ರೀ, ಎಷ್ಟು ವರ್ಷ ಆಯ್ತು ನಾನು ಇಷ್ಟು ನಕ್ಕು,” ಎಂದಳು. ಪ್ಲಾನಪ್ಪ, “ಇದೆಲ್ಲ ಪ್ಲಾನ್‌ನಲ್ಲೇ ಇತ್ತು,” ಎಂದ. ಅವಳು ಮತ್ತೆ ನಕ್ಕಳು.

ಹೊರಡುವಾಗ ಅಲ್ಲಿಯವರು ಅವನ ಕೈಗೆ ಒಂದು ಬಾಟಲಿ ಕೊಟ್ಟರು. “ಡ್ರೈವರ್ ಸಾಹೇಬರಿಗೆ. ಮನೆಗೆ ಹೋಗಿ ಆರಾಮಾಗಿ ಕುಡೀರಿ.” ಪ್ಲಾನಪ್ಪ ಅದನ್ನು ಟವೆಲಿನಲ್ಲಿ ಸುತ್ತಿ, ಕೂಸನ್ನು ಮಲಗಿಸುವ ಹಾಗೆ ವ್ಯಾನಿನ ಹಿಂಭಾಗದಲ್ಲಿ ಮಲಗಿಸಿದ.

ನಿಜವಾದ ಕೂಸಿನ ಸುದ್ದಿಯೂ ಅಷ್ಟರಲ್ಲೇ ಬಂತು. ಹೆಣ್ಣು! ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ! ವ್ಯಾನಿನೊಳಗೆ ಎದ್ದ ಹರ್ಷೋದ್ಗಾರಕ್ಕೆ ಪ್ಲಾನಪ್ಪ ಬೆಚ್ಚಿ ಹಾರ್ನ್ ಒತ್ತಿಬಿಟ್ಟ. ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಗುಂಪನ್ನು ಅಡ್ಡಗಟ್ಟಿ, ಗಾಳಿ ಮೂಸಿ, ಕಣ್ಣು ಕೆಂಪಗೆ ಮಾಡಿದಳು.

“ಈ ವಾಸನೆ ಇಟ್ಕೊಂಡು ಯಾರೂ ಒಳಗೆ ಬರೋ ಹಾಗಿಲ್ಲ.” ಆಮೇಲೆ ಪ್ಲಾನಪ್ಪನ ಹತ್ತಿರ ಬಂದು ನಿಂತು, “ನೀವೊಬ್ಬರು ಬನ್ನಿ,” ಎಂದಳು.

ಹಾಗೆ ಇಡೀ ಬಳಗದಲ್ಲಿ ಮಗುವನ್ನು ನೋಡಿದವನು ಅವನೊಬ್ಬನೇ. ಬಟ್ಟೆಯ ಸುರುಳಿಯೊಳಗಿಂದ ಮುಷ್ಟಿ ಗಾತ್ರದ ಕೆಂಪು ಮುಖ ಅವನನ್ನು ನೋಡಿ ಆಕಳಿಸಿತು. ಬಾಯಿ ಬಿಡದ ಚಾಲಕ ಈಗ ಬಾಯಿ ಮುಚ್ಚುತ್ತಲೇ ಇರಲಿಲ್ಲ. “ಮೂಗು ಅವಳದ್ದು ಸಾರ್, ಕಿವಿ ನಂದು, ಕೈ ನೋಡಿ ಸಾರ್, ಎಷ್ಟು ಗಟ್ಟಿ ಹಿಡಿತ, ಡ್ರೈವರೇ ಆಗ್ತಾಳೆ!” ಪ್ಲಾನಪ್ಪ ಚಾಚಿದ ಬೆರಳನ್ನು ಅದು ಬಿಗಿಯಾಗಿ ಹಿಡಿದುಕೊಂಡಿತು. ಅವನ ಕನ್ನಡಕಕ್ಕೆ ಹಬೆ ಹತ್ತಿದಂತಾಯಿತು. ಕೆಳಗೆ ಬಂದಾಗ ಎಲ್ಲರೂ ಮುತ್ತಿಕೊಂಡು, “ಹೇಗಿದೆ? ಹೇಗಿದೆ?” ಎಂದರು. ಅವನಿಗೆ ವರ್ಣ, ಪರಿಮಳ ಯಾವುದನ್ನೂ ಹೇಳಲು ಆಗಲಿಲ್ಲ. “ಬೆರಳು ಹಿಡ್ಕೊಂಡಿತು,” ಎಂದಷ್ಟೇ ಹೇಳಿದ.

ಚಾಲಕ ಆಸ್ಪತ್ರೆಯಲ್ಲೇ ಉಳಿದ. ವ್ಯಾನನ್ನು ಊರಿಗೆ ಒಯ್ಯುವ ಹೊಣೆಯೂ ಪ್ಲಾನಪ್ಪನ ಕೊರಳಿಗೇ ಬಿತ್ತು. ಕಪ್ತಾನನನ್ನೂ ಹೊಸ ಜೋಡಿಯನ್ನೂ ಅವರವರ ಮನೆ ಮುಟ್ಟಿಸಿ, ತಿರುವು ತಿರುವಿನಲ್ಲೂ ಬ್ರೇಕ್ ಒತ್ತುತ್ತ, ಹಳ್ಳ ತಪ್ಪಿಸಲು ಹೋಗಿ ಅದರ ಪಕ್ಕದ ಹಳ್ಳಕ್ಕೆ ಇಳಿಸುತ್ತ ಅವನು ತನ್ನವರನ್ನು ಮನೆ ಸೇರಿಸಿದ.

ಮನೆಯಲ್ಲಿ ಕೈಕಾಲು ತೊಳೆದು ಎಲ್ಲರೂ ಅಡುಗೆಮನೆಯಲ್ಲಿ ಸೇರಿದರು. ಹೆಂಡತಿ ತಾನೇ ಗ್ಲಾಸು ಒರೆಸಿ ಅವನ ಮುಂದಿಟ್ಟಳು. “ತಗೊಳ್ಳಿ. ಇವತ್ತು ಎಲ್ಲರಿಗಿಂತ ದುಡಿದೋರು ನೀವೇ. ಖಾತೆ ನಿಮ್ಮದೇ ಇಟ್ಕೊಳ್ಳಿ, ನಾನು ಕೇಳಲ್ಲ.”

ಪ್ಲಾನಪ್ಪನ ಜನ್ಮ ಸಾರ್ಥಕವಾಯಿತು. ಬಾಟಲಿಯನ್ನು ಟವೆಲಿನಿಂದ ಬಿಡಿಸಿದ. ಅದು ಮಧ್ಯಾಹ್ನದಿಂದ ವ್ಯಾನಿನ ಹಿಂಭಾಗದಲ್ಲಿ ಬೆಂದು, ಅವನು ಹಾಕಿದ ಪ್ರತಿ ಬ್ರೇಕಿಗೂ ಒಂದೊಂದು ಉರುಳು ಉರುಳಿ, ಪ್ರತಿ ಹಳ್ಳಕ್ಕೂ ಒಂದೊಂದು ಸಲ ಕುಪ್ಪಳಿಸಿತ್ತು ಎಂಬುದು ಅವನ ಜ್ಞಾನಭಂಡಾರದ ಯಾವ ಮೂಲೆಯಲ್ಲೂ ಹೊಳೆಯಲಿಲ್ಲ. ಮುಚ್ಚಳಕ್ಕೆ ಓಪನರ್ ಹಚ್ಚಿ ಮೀಟಿದ.

ಢಂ!

ಬಿಯರ್ ನೇರ ಸೂರಿಗೆ ಹೋಯಿತು. ಸೂರಿನಿಂದ ಫ್ಯಾನಿಗೆ. ಫ್ಯಾನ್ ತಿರುಗುತ್ತಿತ್ತು, ಯಾರಿಗೂ ಪಕ್ಷಪಾತ ಮಾಡದೆ ನಾಲ್ಕೂ ದಿಕ್ಕಿಗೆ ಹಂಚಿತು. ಸದ್ದು ಅಡಗಿದಾಗ ಬಾಟಲಿಯ ತಳದಲ್ಲಿ ನೊರೆ ಬಿಟ್ಟರೆ ಏನೂ ಇರಲಿಲ್ಲ. ಪ್ಲಾನಪ್ಪನ ಮೀಸೆಯಿಂದ ಮಾತ್ರ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು.

ಅವನು ಮೆಲ್ಲಗೆ ನಾಲಿಗೆ ಚಾಚಿ, ಮೀಸೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿಕೊಂಡ. ಕಣ್ಣು ಮುಚ್ಚಿದ. ಹೊರಳಿಸಿದ. ಅಯ್ಯೋ! ಚಿಕ್ಕಂದಿನಲ್ಲಿ ನುಂಗುವ ಮೊದಲೇ ಬಾಯಲ್ಲಿ ಕರಗಿಹೋಗುತ್ತಿತ್ತಲ್ಲ ಜ್ವರದ ಮಾತ್ರೆ, ಥೇಟ್ ಅದೇ! ಇದಕ್ಕಾಗಿಯೇ ತಾನು ಇಷ್ಟು ದಿನ ನೀರು ಮೂಸಿದ್ದು?

“ಹೇಗಿದೆ ಭಾವ?”

ಪಾಂಡಿತ್ಯದ ಮಾನ ಉಳಿಸಬೇಕಲ್ಲ! “ಅ... ಅದ್ಭುತ,” ಎಂದ ಪ್ಲಾನಪ್ಪ.

ಆದರೆ ಹೆಂಡತಿ ಬಾಯಿಲ್ಲದ ಪ್ರಾಣಿಗಳ ಸಂಕಟವನ್ನು ಮುಖ ನೋಡಿಯೇ ಹೇಳುವವಳು. ಅವನ ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿದಳು. ಒಂದು ಕ್ಷಣ ನೋಡಿದಳು. ನೋಡಿದವಳೇ ನೆಲದ ಮೇಲೆ ಕುಸಿದು ಕುಳಿತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

“ಅಮ್ಮಾ! ಇವರಿಗೆ ಸೇರ್ಲೇ ಇಲ್ಲ! ಬಿಯರ್ ಇಷ್ಟಾನೇ ಆಗ್ಲಿಲ್ಲ ಇವರಿಗೆ!”

“ನಿಜವಾ ಭಾವ?” ಭಾವಮೈದುನ ಅವನ ಎರಡೂ ಕೈ ಹಿಡಿದು ಕುಣಿದಾಡಿದ. “ಹಾಗಾದ್ರೆ ನಮಗೆ ಪರ್ಮನೆಂಟ್ ಡ್ರೈವರ್ ಸಿಕ್ಕಿದ ಹಾಗಾಯ್ತು!”

ಅಲ್ಲ, ಅದು ಹಾಗಲ್ಲ, ಬಾಟಲಿ ಬಿಸಿಯಾಗಿತ್ತು, ಸೂರಿನ ಸುಣ್ಣ ಬೆರೆತಿತ್ತು ಎಂದೆಲ್ಲ ಪ್ಲಾನಪ್ಪ ಹೇಳುತ್ತಲೇ ಇದ್ದ. ಕೇಳುವವರು ಯಾರು? ಹೆಂಡತಿ ಒದ್ದೆ ಬಟ್ಟೆ ತಂದು ಕೈಗಿಟ್ಟಳು. ಅವನು ಸ್ಟೂಲಿನ ಮೇಲೆ ಹತ್ತಿ ಸೂರು ಒರೆಸತೊಡಗಿದ. ಪಕ್ಕದ ಕೋಣೆಯಿಂದ ಅತ್ತೆಯವರ ಫೋನಿನ ದನಿ ಸ್ಪಷ್ಟವಾಗಿ ಕೇಳಿಬಂತು.

“ಹಲೋ! ಹೂಂ ಕಣೇ, ನಾನೇ. ಮುಂದಿನ ವಾರ ನಮ್ಮ ಎಕ್ಸ್‌ಚೇಂಜಿನವರೆಲ್ಲ ಸೇರಿ ಹೋಗೋಣ. ಹೂಂ, ಎಲ್ಲರಿಗೂ ಹೇಳ್ಬಿಡು. ಗಾಡಿದೇನೂ ಯೋಚನೆ ಮಾಡ್ಬೇಡ, ಡ್ರೈವರ್ ನಮ್ಮ ಮನೆಯವರೇ. ಕುಡಿಯೋದಿಲ್ಲ. ಇಲ್ಲಪ್ಪ, ನಿಯಮ ಗಿಯಮ ಏನಿಲ್ಲ, ಇಷ್ಟಾನೇ ಇಲ್ವಂತೆ!”

ಪ್ಲಾನಪ್ಪನ ಕೈ ಸೂರಿನಲ್ಲೇ ನಿಂತಿತು. ಪ್ರತಿಭಟಿಸಲು ಬಾಯಿ ತೆರೆದ. ಗಟ್ಟಿಯಾಗಿ, ಖಂಡತುಂಡವಾಗಿ ಹೇಳಿಬಿಡಬೇಕೆಂದೇ ತೆರೆದ. ಆದರೆ ಒಳಗಿನಿಂದ ಬಂದದ್ದು ಬೇರೆಯೇ.

“ಒಟ್ಟು ಎಷ್ಟು ಜನ ಅಂತ ಈಗ್ಲೇ ಕೇಳ್ಬಿಡಿ ಅತ್ತೆ,” ಎಂದು ಕೂಗಿದ. “ಸೀಟು ಪ್ಲಾನ್ ಮಾಡ್ಬೇಕು!”